ಹಳೆಯ ಸ್ಲೈಡರ್ ಫೋನ್ ಕೊಳ್ಳುವ ಮುಂಚೆ ಅದನ್ನು ಮುಚ್ಚಿ ತೋರಿಸಲು ಹೇಳಿ

ಸ್ಲೈಡರ್ ಅಂದರೆ ಪರದೆಯನ್ನು ಪಕ್ಕಕ್ಕೆ ಜಾರಿಸಿದರೆ ಅಡಿಯಿಂದ ಕೀಬೋರ್ಡ್ ಹೊರಬರುವ ಫೋನ್. ನಾನು ಅಂಥದ್ದೊಂದನ್ನು ಕೊಂಡೆ. ಮಾರುವವರು ಕಳಿಸಿದ ವಿಡಿಯೋದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಪರದೆ ಚೆನ್ನಾಗಿ ಬೆಳಗುತ್ತಿತ್ತು, ಯಾವ ಕೀ ಒತ್ತಿದರೂ ಅಕ್ಷರ ಮೂಡುತ್ತಿತ್ತು. ನಾನು ಗಮನಿಸದೆ ಹೋದದ್ದು ಒಂದೇ. ಅಷ್ಟು ಹೊತ್ತಿನ ವಿಡಿಯೋದಲ್ಲಿ ಅವರು ಫೋನನ್ನು ಒಂದು ಸಲವೂ ಮುಚ್ಚಿರಲಿಲ್ಲ.

ಕೀಬೋರ್ಡ್ ಫೋನಿನ ಹುಚ್ಚು ನನಗೆ ಹಳೆಯದು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಡ್ರೀಮ್‌ಗೂ ಪರದೆಯ ಅಡಿಯಲ್ಲಿ ಕೀಬೋರ್ಡ್ ಇತ್ತು. ಮರುವರ್ಷ ನೋಕಿಯಾ ಎನ್900 ಬಂತು. ನೋಡದೆಯೂ ಬೆರಳಿಗೆ ಕೀ ಸಿಗುತ್ತದಲ್ಲ, ಆ ಸುಖವೇ ಬೇರೆ. ಅದಕ್ಕೇ ಆ ಕಾಲದ್ದೇ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಅದಕ್ಕಿದ್ದ ಕಾಯಿಲೆ ಜಾರುವ ಫೋನ್‌ಗಳಿಗೆಲ್ಲ ಬರುವಂಥದ್ದು.

ಕೈಗೆ ಬಂದ ದಿನ ಟಕ್ ಅಂತ ಮುಚ್ಚಿದೆ. ಪರದೆ ಕಪ್ಪು. ತೆರೆದೆ, ಬಂತು. ಅರ್ಧಕ್ಕೆ ನಿಲ್ಲಿಸಿದೆ, ಪಟ್ಟೆಪಟ್ಟೆ ಗೆರೆ. ಕರೆ ಬಂದರೆ ಯಾರದ್ದು ಎಂದು ನೋಡಲು ಪ್ರತಿ ಸಲ ಕೀಬೋರ್ಡ್ ಹೊರಗೆಳೆಯಬೇಕು. ಎರಡು ವಾರ ಹಾಗೇ ಒದ್ದಾಡಿದೆ.

ಒಳಗಿನ ಕಥೆ ಇಷ್ಟು. ಮೇಲಿನ ಪರದೆಯ ಭಾಗಕ್ಕೂ ಕೆಳಗಿನ ಕೀಬೋರ್ಡ್ ಭಾಗಕ್ಕೂ ನಡುವೆ ಇರುವುದು ಒಂದು ತೆಳು ಪಟ್ಟಿ, ಫ್ಲೆಕ್ಸ್ ಕೇಬಲ್. ಪ್ಲಾಸ್ಟಿಕ್ ಪದರದೊಳಗೆ ಕೂದಲಿನಂಥ ತಾಮ್ರದ ಗೆರೆಗಳು. ಫೋನ್ ಜಾರಿಸಿದಾಗಲೆಲ್ಲ ಅದು ಮಡಚಿ ಬಿಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ತಾಮ್ರ ಬಿರುಕು ಬಿಡುತ್ತದೆ. ತೆರೆದಾಗ ಬಿರುಕಿನ ಎರಡು ತುದಿ ತಾಗಿಕೊಂಡರೆ ಪರದೆ ಬರುತ್ತದೆ, ಮುಚ್ಚಿದಾಗ ಬಿಟ್ಟುಕೊಂಡರೆ ಹೋಗುತ್ತದೆ. ಕೆಲವು ಫೋನ್‌ಗಳಲ್ಲಿ ಇದು ಉಲ್ಟಾ. ಮಾರಿದವರಿಗೆ ಇದು ಗೊತ್ತಿತ್ತಾ? ನೀವೇ ಊಹಿಸಿ.

ಹೊಸ ಫ್ಲೆಕ್ಸ್ ತರಿಸಿದೆ. 'ಹೊಸದು' ಎಂದವರು ಕಳಿಸಿದ್ದರಲ್ಲಿ ಆಗಲೇ ಮಡಿಕೆಯ ಗುರುತಿತ್ತು. ಯಾವುದೋ ಸತ್ತ ಫೋನಿನಿಂದ ಕಿತ್ತದ್ದು. ಆದರೂ ಹಾಕಲು ಕೂತೆ, ಅದು ನನ್ನ ತಪ್ಪು. ಕನೆಕ್ಟರ್‌ನ ಪುಟ್ಟ ಲಾಕ್ ಅನ್ನು ಉಗುರಿನಿಂದ ಮೇಲಕ್ಕೆತ್ತಬೇಕಿತ್ತು, ನಾನು ಹಿಡಿದು ಎಳೆದೆ. ಮುರಿಯಿತು. ಅಲ್ಲಿಗೆ ಕೀಬೋರ್ಡೂ ಹೋಯಿತು.

ಬ್ಯಾಟರಿಯೂ ಅಷ್ಟೇ. ಸೀಲ್ ಒಡೆಯದ ಒರಿಜಿನಲ್ ಬ್ಯಾಟರಿ ಎಂದು ಕೊಟ್ಟಿದ್ದರು. ಲಿಥಿಯಂ ಬ್ಯಾಟರಿ ಸುಮ್ನೆ ಇಟ್ಟರೂ ಮುದಿಯಾಗುತ್ತದೆ. ಒಂದೇ ತಿಂಗಳಲ್ಲಿ ಹಿಂದಿನ ಮುಚ್ಚಳ ಎದ್ದು ನಿಂತಿತು. ನಿಮ್ಮದೂ ಹೀಗೆ ಉಬ್ಬಿದರೆ ಒತ್ತಿ ಕೂರಿಸಬೇಡಿ, ಚಾರ್ಜ್‌ಗೆ ಹಾಕಲೇಬೇಡಿ. ಚುಚ್ಚಿದರೆ ಬೆಂಕಿ ಹತ್ತಬಹುದು.

ಇಷ್ಟೆಲ್ಲ ಸರಿ ಇದ್ದರೂ ಬಳಸಲು ಆಗುತ್ತಿತ್ತಾ? ಕಷ್ಟವೇ. 3ಜಿ ಜಾಲವನ್ನು ಹಲವು ದೇಶಗಳಲ್ಲಿ ಮುಚ್ಚಿದ್ದಾರೆ, 4ಜಿಯಲ್ಲಿ ಮಾತಾಡಲು ವೋಲ್ಟಿ (4ಜಿ ಜಾಲದಲ್ಲೇ ಕರೆ ಹೋಗುವ ವ್ಯವಸ್ಥೆ) ಬೇಕು, ಅದು ಈ ಫೋನ್‌ಗಳಲ್ಲಿ ಇಲ್ಲ. ಹಳೆಯ ಬ್ರೌಸರ್ ಅರ್ಧಕ್ಕರ್ಧ ಪುಟಗಳನ್ನು ತೆರೆಯುವುದೇ ಇಲ್ಲ. ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಚೌಕದ ಡಬ್ಬಿಗಳು.

ಆದರೂ ಕೊಳ್ಳಲೇಬೇಕೆನಿಸಿದರೆ (ಎನಿಸುತ್ತದೆ, ಗೊತ್ತು) ಮೊದಲೇ ಮಾಡಿಟ್ಟ ವಿಡಿಯೋ ನಂಬಬೇಡಿ. ವಿಡಿಯೋ ಕಾಲ್‌ನಲ್ಲೇ ತೋರಿಸಲು ಹೇಳಿ. ಪರದೆ ಆನ್ ಇರುವಾಗ ಹತ್ತು ಸಲ ನಿಧಾನಕ್ಕೆ ತೆರೆದು ಮುಚ್ಚಲಿ, ನಡುವೆ ಅಲ್ಲಲ್ಲಿ ನಿಲ್ಲಿಸಲಿ. ಬ್ಯಾಟರಿ ತೆಗೆದು ಪಕ್ಕದಿಂದ ತೋರಿಸಲಿ. ಕೀಬೋರ್ಡ್ ಯಾವ ಭಾಷೆಯದು ಎಂದೂ ನೋಡಿಕೊಳ್ಳಿ. ನನ್ನದು ಜರ್ಮನ್ ಕೀಬೋರ್ಡ್, ವೈ ಇರಬೇಕಾದಲ್ಲಿ ಝಡ್ ಇತ್ತು.

ಮೊನ್ನೆ ಇನ್ನೊಬ್ಬರ ಹತ್ತಿರ ಒಂದು ಫೋನ್ ಇದೆ ಎಂದು ಗೊತ್ತಾಯಿತು. ಬುದ್ಧಿ ಬಂದಿಲ್ಲ, ನಿಜ. ವಿಡಿಯೋ ಕಾಲ್ ಮಾಡಿ, "ಸ್ವಲ್ಪ ಮುಚ್ಚಿ ತೋರಿಸ್ತೀರಾ ಸರ್?" ಎಂದೆ. ಅಷ್ಟರಲ್ಲಿ ಅವರಿಗೆ ನೆಟ್‌ವರ್ಕ್ ಹೋಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.