ಗಿರಾಕಿಗಳ ಅನುಕೂಲಕ್ಕೆಂದು ಹೊರಗೆ ಅಂಟಿಸಿದ ಕ್ಯೂಆರ್ ಕೋಡ್: ಅಂಗಡಿಯವರು ದಯವಿಟ್ಟು ಗಮನಿಸಿ

ನಾನು ತುಮಕೂರಿನಲ್ಲಿ ಹನ್ನೊಂದು ವರ್ಷಗಳಿಂದ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳ ಚಿಕ್ಕ ಅಂಗಡಿಯೊಂದನ್ನು ನಡೆಸುತ್ತಿದ್ದೇನೆ. ಕಳೆದ ಗೌರಿ-ಗಣೇಶ ಹಬ್ಬದ ವಾರದಲ್ಲಿ ಗಿರಾಕಿಗಳಿಗೆ ಅನುಕೂಲವಾಗಲೆಂದು ನಾನೇ ಮಾಡಿದ ಏರ್ಪಾಡೊಂದರಿಂದ ಐದು ದಿನಗಳಲ್ಲಿ ಸುಮಾರು 18,000 ರೂಪಾಯಿ ಕೈತಪ್ಪಿತು. ಇದೇ ಏರ್ಪಾಡನ್ನು ಇಂದು ಬೀದಿಬೀದಿಯಲ್ಲೂ ಕಾಣುತ್ತಿರುವುದರಿಂದ ಆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಹಬ್ಬದ ದಿನಗಳಲ್ಲಿ ನಮ್ಮಲ್ಲಿ ಸಾಲು ಫುಟ್‌ಪಾತಿನವರೆಗೂ ಬೆಳೆಯುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಇದ್ದದ್ದು ಒಂದೇ ಕ್ಯೂಆರ್ ಕೋಡ್ ಆದ್ದರಿಂದ, ಕಾಲು ಕಿಲೋ ಕೋಡುಬಳೆ ಕೊಳ್ಳಲು ಬಂದವರೂ ಹಣ ಕಳುಹಿಸಲು ಜನರ ನಡುವೆ ನುಗ್ಗಿ ಒಳಗೆ ಬರಬೇಕಾಗಿತ್ತು. ಅದನ್ನು ತಪ್ಪಿಸಲು ಅದೇ ಕೋಡನ್ನು ದೊಡ್ಡದಾಗಿ ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ, ಹೊರಗಿನ ಕಂಬಕ್ಕೆ ಅಂಟಿಸಿದೆ. ಹೊರಗೇ ಹಣ ಕಳುಹಿಸಿ, ಮೊಬೈಲಿನಲ್ಲಿ ಬಂದ ಹಸಿರು ಗುರುತನ್ನು ಹುಡುಗನಿಗೆ ತೋರಿಸಿದರೆ ಪೊಟ್ಟಣ ಕೈಗೆ ಸಿಗುತ್ತಿತ್ತು. ಗಿರಾಕಿಗಳಿಗೆ ಇದು ಬಹಳ ಹಿಡಿಸಿತು, ಸಾಲೂ ಅರ್ಧಕ್ಕೆ ಇಳಿಯಿತು.

ಐದನೆಯ ದಿನ ಸಂಜೆ ನಮ್ಮ ಹಳೆಯ ಗಿರಾಕಿಯಾದ ಮೇಷ್ಟ್ರೊಬ್ಬರು ಕೇಳಿದರು: “ಏನ್ ಸ್ವಾಮಿ, ಅಂಗಡಿಯನ್ನು ಬೇರೆಯವರಿಗೆ ವಹಿಸಿಬಿಟ್ಟಿರಾ? ಯಾರದೋ ಹೆಸರು ಬರುತ್ತಿದೆಯಲ್ಲ?” ಹೊರಗೆ ಹೋಗಿ ನೋಡಿದರೆ ಹಾಳೆ ನನ್ನದೇ, ಮೇಲೆ ಅಂಗಡಿಯ ಹೆಸರೂ ಇತ್ತು. ಆದರೆ ಕೋಡ್ ಇದ್ದ ಚೌಕದ ಮೇಲೆ ಅಷ್ಟೇ ಅಳತೆಯ ಸ್ಟಿಕರ್ ಒಂದನ್ನು ಅಂಟಿಸಲಾಗಿತ್ತು. ಮಳೆಯ ತೇವಕ್ಕೆ ಅದರ ಒಂದು ಮೂಲೆ ಉಗುರಿನಷ್ಟು ಎದ್ದಿತ್ತು; ಎಳೆದಾಗ ಅಡಿಯಲ್ಲಿ ನನ್ನ ಕೋಡ್ ಹಾಗೆಯೇ ಕಾಣಿಸಿತು.

ಐದು ದಿನ ಗೊತ್ತಾಗಲಿಲ್ಲವೇ ಎಂದು ನನ್ನ ಹೆಂಡತಿಯೂ ಕೇಳಿದಳು, ಬ್ಯಾಂಕಿನವರೂ ಕೇಳಿದರು. ಹಣ ಬಂದಾಗ ಕೂಗಿ ಹೇಳುವ ಸೌಂಡ್‌ಬಾಕ್ಸ್ ಒಳಗಿತ್ತು, ಒಳಗಿನ ಕೋಡಿಗೆ ಬಂದ ಹಣವನ್ನು ಅದು ತಪ್ಪದೆ ಹೇಳುತ್ತಲೇ ಇತ್ತು. ಎಣ್ಣೆ ಬಾಣಲೆಯ ಸದ್ದಿನಲ್ಲಿ, ಆ ಗದ್ದಲದಲ್ಲಿ, ಹೊರಗೆ ನಿಂತವರ ಹಣಕ್ಕೆ ಅದು ಸುಮ್ಮನಿದೆ ಎಂಬುದನ್ನು ಯಾರೂ ಗಮನಿಸಲಿಲ್ಲ. ಹುಡುಗ ನೋಡುತ್ತಿದ್ದದ್ದು ಮೊತ್ತವನ್ನೂ ಹಸಿರು ಗುರುತನ್ನೂ ಮಾತ್ರ, ಹೆಸರನ್ನಲ್ಲ. ಹಣ ಕಳುಹಿಸಿದವರೂ ಬೇರೆ ಹೆಸರು ಕಂಡು ಅನುಮಾನಪಡಲಿಲ್ಲ. ಹೆಂಡತಿಯ, ಮಗನ, ಭಾವಮೈದುನನ ಹೆಸರಿನ ಖಾತೆಯ ಕೋಡ್ ಇಡುವ ರೂಢಿಯನ್ನು ನಾವು ಅಂಗಡಿಯವರೇ ಬೆಳೆಸಿದ್ದೇವೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಹಲವರು ಕೋಡನ್ನೇ ತೆಗೆದು ನಗದು ಕೇಳತೊಡಗಿದ್ದರು. ಅಂಥ ಕಾಲದಲ್ಲಿ ಕೋಡಿನ ಹೆಸರು ಬದಲಾಗಿದ್ದರೆ ಗಿರಾಕಿ ಏಕೆ ಎಂದು ಕೇಳುವುದಿಲ್ಲ.

ನಿಜವಾದ ತೊಂದರೆ ಆಮೇಲೆ ಎದುರಾಯಿತು. ಸೈಬರ್ ವಂಚನೆಯ ದೂರು ಪಡೆಯುವ 1930 ಸಹಾಯವಾಣಿಗೆ ಕರೆ ಮಾಡಿದಾಗ ವಹಿವಾಟಿನ 12 ಅಂಕಿಯ ಸಂಖ್ಯೆಯನ್ನು ಕೇಳಿದರು. ಆ ಸಂಖ್ಯೆ ನನ್ನ ಬಳಿ ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಆ ಹಣ ನನ್ನ ಖಾತೆಯನ್ನು ಮುಟ್ಟಿಯೇ ಇರಲಿಲ್ಲ. ಸರಕು ಹೋಗಿದ್ದು ನನ್ನದು, ಹಣ ಹೋಗಿದ್ದು ಗಿರಾಕಿಯ ಖಾತೆಯಿಂದ, ದಾಖಲೆ ಉಳಿದಿದ್ದು ಅವರ ಮೊಬೈಲಿನಲ್ಲಿ. ಪರಿಚಯದ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಸ್ಕ್ರೀನ್‌ಶಾಟ್ ಬೇಡಿದೆ. ಒಂಬತ್ತು ಜನ ಕೊಟ್ಟರು. ಮತ್ತೆ ಹಣ ಕೇಳಲು ಬಂದಿದ್ದೇನೆಂದು ಕೆಲವರು ಮುಖ ತಿರುಗಿಸಿದರು. ಅವರನ್ನು ದೂರುವಂತೆಯೂ ಇಲ್ಲ. ನಷ್ಟದ ಮೊತ್ತವನ್ನೂ ನಾನು ಅಂದಾಜು ಮಾಡಿದ್ದು ಖರ್ಚಾದ ಕಡಲೆಹಿಟ್ಟು, ಎಣ್ಣೆ ಡಬ್ಬಗಳ ಲೆಕ್ಕದಿಂದಲೇ ಹೊರತು ಯಾವ ಪಾಸ್‌ಬುಕ್ಕಿನಿಂದಲೂ ಅಲ್ಲ.

ಇದು ನನ್ನೊಬ್ಬನ ಪಾಡಲ್ಲ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಹಾಗೂ ಒಂದು ಪೆಟ್ರೋಲ್ ಬಂಕಿನ ಕೋಡುಗಳ ಮೇಲೆ ಬೇರೆ ಕೋಡ್ ಅಂಟಿಸಿದ್ದು ಸುದ್ದಿಯಾಗಿತ್ತು. ಓದಿದಾಗ ನಕ್ಕು ಪುಟ ತಿರುಗಿಸಿದ್ದೆನೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಗಿರಾಕಿಗೆ ಸುಲಭವಾಗಲಿ ಎಂದು ಹಣ ಪಡೆಯುವ ಜಾಗವನ್ನು ನಮ್ಮ ಕಣ್ಣಳತೆಯಿಂದ ಆಚೆಗೆ ಸರಿಸುವವರು ಇಷ್ಟನ್ನಾದರೂ ಮಾಡಿ. ರಾತ್ರಿ ಬಾಗಿಲು ಹಾಕುವಾಗ ಹೊರಗಿನ ಕೋಡನ್ನು ಒಳಗೆ ತೆಗೆದಿಡಿ. ಬೆಳಗ್ಗೆ ಮನೆಯವರ ಮೊಬೈಲಿನಿಂದ ಸ್ಕ್ಯಾನ್ ಮಾಡಿ, ಒಂದು ರೂಪಾಯಿ ಕಳುಹಿಸಿ, ಸೌಂಡ್‌ಬಾಕ್ಸ್ ಕೂಗುವುದನ್ನು ಕೇಳಿಸಿಕೊಂಡ ಮೇಲೆ ವ್ಯಾಪಾರ ಶುರುಮಾಡಿ. ಕೋಡಿನ ಪಕ್ಕದಲ್ಲಿ “ಹಣ ಕಳುಹಿಸುವಾಗ ಈ ಹೆಸರೇ ಬರಬೇಕು” ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿ, ಕೆಲಸದ ಹುಡುಗರಿಗೂ ಆ ಹೆಸರನ್ನು ನೋಡುವಂತೆ ಹೇಳಿ. ಎಷ್ಟೇ ದಣಿದಿದ್ದರೂ ದಿನದ ಲೆಕ್ಕವನ್ನು ಅಂದೇ ಹೊಂದಿಸಿ; ಹಬ್ಬ ಮುಗಿಯಲಿ ಎಂದು ನಾನು ಕಾಯದೇ ಇದ್ದಿದ್ದರೆ ಈ ಮೋಸ ಮೊದಲ ದಿನವೇ ಗೊತ್ತಾಗುತ್ತಿತ್ತು.

ಕಂಬದ ಹಾಳೆಯನ್ನು ತೆಗೆದಿದ್ದೇನೆ. ಈಗ ಕೋಡ್ ಇರುವುದು ಹುಡುಗನ ಕೊರಳಿನ ಪಟ್ಟಿಯಲ್ಲಿ. ಅವನು ಅದನ್ನು ಹಿಡಿದು ಸಾಲಿನ ಉದ್ದಕ್ಕೂ ಓಡಾಡುತ್ತಾನೆ. ದೂರು ಕೊಟ್ಟ ಒಂಬತ್ತು ವಹಿವಾಟುಗಳ ಪೈಕಿ 2,300 ರೂಪಾಯಿಯನ್ನು ಬ್ಯಾಂಕಿನವರು ತಡೆಹಿಡಿದಿದ್ದಾರೆ, ಆದರೆ ಅದಿನ್ನೂ ಕೈಗೆ ಬಂದಿಲ್ಲ.