ಫೈರ್‌ವಾಲ್ ಇದ್ದೂ ಬಾಗಿಲು ತೆರೆದಿತ್ತು: ಸರ್ವರ್‌ನಲ್ಲಿ ಡಾಕರ್ ಸ್ಥಾಪಿಸುವವರ ಗಮನಕ್ಕೆ

ಮಲ್ಪೆಯ ಬೋಟ್ ಮಾಲೀಕರೊಬ್ಬರ ಲೆಕ್ಕಪತ್ರದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ, ಸರ್ವರ್ ಬದಲಿಸುವಂತಹ ಕೆಲಸಗಳನ್ನು ಆ 61 ದಿನಗಳಿಗೆಂದೇ ಇಟ್ಟುಕೊಳ್ಳುವುದು ರೂಢಿ. ಕಳೆದ ಮಳೆಗಾಲದಲ್ಲಿ ಉಬುಂಟು ಇರುವ ಹೊಸ ಸರ್ವರ್ ಬಾಡಿಗೆಗೆ ಪಡೆದು, ಡಾಕರ್ (ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ನಡೆಸುವ ಸಾಧನ) ಸ್ಥಾಪಿಸಿ, ತಂತ್ರಾಂಶವನ್ನು ಒಂದು ಕಂಟೇನರ್‌ನಲ್ಲೂ ಅದರ ಮೊಂಗೋಡಿಬಿ ಡೇಟಾಬೇಸನ್ನು ಇನ್ನೊಂದರಲ್ಲೂ ನಡೆಸತೊಡಗಿದೆ. ಹನ್ನೊಂದನೆಯ ದಿನ ಬೆಳಿಗ್ಗೆ ನೋಡಿದರೆ ಡೇಟಾಬೇಸ್ ಬರಿದಾಗಿತ್ತು. ಮಾಹಿತಿ ಮರಳಿ ಬೇಕಿದ್ದರೆ ಬಿಟ್‌ಕಾಯಿನ್ ಕಳುಹಿಸಬೇಕೆಂಬ ಒಂದು ಟಿಪ್ಪಣಿ ಮಾತ್ರ ಅದರೊಳಗಿತ್ತು.

ನನಗೆ ಮೊದಲು ಅರ್ಥವಾಗದೇ ಹೋದದ್ದು ಫೈರ್‌ವಾಲ್‌ನ ವಿಷಯ. ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂ ಚಾಲೂ ಇತ್ತು; 22, 80 ಮತ್ತು 443ನೇ ಪೋರ್ಟ್‌ಗಳನ್ನು (ಸರ್ವರ್‌ಗೆ ಬರುವ ಸಂಪರ್ಕದ ಬಾಗಿಲುಗಳನ್ನು) ಬಿಟ್ಟು ಬೇರೆಲ್ಲವೂ ಮುಚ್ಚಿವೆ ಎಂದೇ ಅದು ತೋರಿಸುತ್ತಿತ್ತು. ಆದರೆ ಎಲ್ಲಿಂದಲೋ ನಕಲು ಮಾಡಿಕೊಂಡ ಕಂಪೋಸ್ ಕಡತದಲ್ಲಿ (ಕಂಟೇನರ್‌ಗಳನ್ನು ಹೇಗೆ ನಡೆಸಬೇಕೆಂದು ಡಾಕರ್‌ಗೆ ಹೇಳುವ ಕಡತ), ಪೋರ್ಟ್‌ಗಳ ಕೆಳಗೆ, 27017:27017 ಎಂಬ ಒಂದು ಸಾಲಿತ್ತು. ಎರಡು ಕಂಟೇನರ್‌ಗಳು ಪರಸ್ಪರ ಮಾತಾಡಲು ಅದು ಬೇಕೆಂದು ನಾನು ಭಾವಿಸಿದ್ದೆ. ಅದು ಬೇಕಾಗಿಯೇ ಇರಲಿಲ್ಲ. ಒಂದೇ ಕಂಪೋಸ್ ಕಡತದ ಕಂಟೇನರ್‌ಗಳು ತಮ್ಮದೇ ಒಳಜಾಲದಲ್ಲಿ ಹೆಸರಿನಿಂದಲೇ ಒಂದನ್ನೊಂದು ತಲುಪುತ್ತವೆ. ಆ ಸಾಲು ಮಾಡಿದ ಕೆಲಸವೆಂದರೆ ಡೇಟಾಬೇಸನ್ನು ಸರ್ವರ್‌ನ ಎಲ್ಲ ವಿಳಾಸಗಳಲ್ಲಿ, ಅಂದರೆ ಇಡೀ ಇಂಟರ್‌ನೆಟ್ಟಿಗೆ, ತೆರೆದಿಟ್ಟದ್ದು.

ಯುಎಫ್‌ಡಬ್ಲ್ಯೂ ಅದನ್ನೇಕೆ ತಡೆಯಲಿಲ್ಲ? ನಾವು ಅದರಲ್ಲಿ ಸಾಮಾನ್ಯವಾಗಿ ಬರೆಯುವ ನಿಯಮಗಳು ಸರ್ವರ್‌ಗೇ ಬರುವ ಪ್ಯಾಕೆಟ್‌ಗಳಿಗೆ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕುಗಳಿಗೆ), ಲಿನಕ್ಸ್‌ನಲ್ಲಿ ಅವನ್ನು ಸೋಸುವ ಐಪಿಟೇಬಲ್ಸ್‌ನ ಇನ್‌ಪುಟ್ ಸರಪಳಿಯಲ್ಲಿ (ನಿಯಮಗಳ ಸಾಲಿನಲ್ಲಿ), ಅನ್ವಯಿಸುತ್ತವೆ. ಡಾಕರ್ ತಾನೇ ಐಪಿಟೇಬಲ್ಸ್‌ನಲ್ಲಿ ನಿಯಮಗಳನ್ನು ಬರೆಯುತ್ತದೆ. ಹೊರಗಿನಿಂದ ಬಂದ ಪ್ಯಾಕೆಟ್‌ನ ವಿಳಾಸವನ್ನು ಅದು ಮೊದಲ ಹೆಜ್ಜೆಯಲ್ಲೇ ಕಂಟೇನರ್‌ನ ಒಳವಿಳಾಸಕ್ಕೆ ಬದಲಿಸುವುದರಿಂದ, ಆ ಪ್ಯಾಕೆಟ್ ಸರ್ವರ್‌ಗೆ ಬಂದದ್ದೆನಿಸದೆ ಮುಂದಕ್ಕೆ ದಾಟಿಸಬೇಕಾದದ್ದೆನಿಸಿ, ಫಾರ್ವರ್ಡ್ ಸರಪಳಿಯ ಮೂಲಕ ಹೋಗಿಬಿಡುತ್ತದೆ. ನಾನು ಬರೆದ ನಿಯಮಗಳ ಎದುರಿಗೆ ಅದು ಬರುವುದೇ ಇಲ್ಲ. ಇದು ಡಾಕರ್‌ನ ದಾಖಲೆಗಳಲ್ಲಿ ಸ್ಪಷ್ಟವಾಗಿಯೇ ಇದೆ. ಅದನ್ನು ಓದದೆ ಮುಂದುವರಿದದ್ದು ನನ್ನ ತಪ್ಪು.

ಇನ್ನೊಂದು ತಪ್ಪು ಪಾಸ್‌ವರ್ಡ್ ಇಡದಿದ್ದದ್ದು. ಮೊಂಗೋಡಿಬಿಯ ಅಧಿಕೃತ ಇಮೇಜ್ (ಕಂಟೇನರ್ ಸಿದ್ಧವಾಗುವ ಅಚ್ಚು), ನಾವು ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಕೊಡದಿದ್ದರೆ, ಯಾರನ್ನೂ ಏನನ್ನೂ ಕೇಳದೆ ಒಳಗೆ ಬಿಡುತ್ತದೆ. ಡೇಟಾ ಫೋಲ್ಡರ್ ಖಾಲಿ ಇರುವ ಮೊದಲ ಆರಂಭದಲ್ಲಿ ಮಾತ್ರ ಅದು ಆ ಬಳಕೆದಾರನನ್ನು ಸೃಷ್ಟಿಸುವುದರಿಂದ, ಇದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಮುಂದೂಡಬೇಡಿ.

ಹೋದದ್ದು ಹನ್ನೊಂದು ದಿನಗಳ ದಾಖಲೆ. ಬೋಟ್‌ಗಳು ದಡದಲ್ಲಿದ್ದರೂ ಅದು ಲೆಕ್ಕ ಚುಕ್ತಾ ಮಾಡುವ ಕಾಲ: ತಂಡೇಲರ (ಬೋಟ್ ನಡೆಸುವವರ) ಮತ್ತು ಕೆಲಸದವರ ಪಾಲು, ಬಲೆ ದುರಸ್ತಿ, ಐಸ್ ಪ್ಲಾಂಟ್ ಮತ್ತು ಡೀಸೆಲ್ ಬಂಕ್‌ನ ಬಾಕಿ. ಅದಕ್ಕೆ ಹಿಂದಿನದೆಲ್ಲ ನನ್ನ ಲ್ಯಾಪ್‌ಟಾಪ್‌ನ ಪ್ರತಿಯಲ್ಲಿತ್ತು. ಉಳಿದದ್ದನ್ನು ಕಚೇರಿಯ ಗುಮಾಸ್ತರು ಜೋಪಾನವಾಗಿಟ್ಟಿದ್ದ ಚೀಟಿಗಳಿಂದ ಮೂರು ದಿನ ಕುಳಿತು ಮತ್ತೆ ತುಂಬಿದೆವು. ಕಳ್ಳರು ಕೇಳಿದ ಹಣ ಕೊಡಲಿಲ್ಲ, ಮಾಹಿತಿ ಅವರ ಬಳಿ ಉಳಿದಿದೆ ಎಂಬುದಕ್ಕೆ ಯಾವ ಆಧಾರವೂ ಇರಲಿಲ್ಲ. ಆದರೆ ಅವರು ಅದನ್ನು ನಕಲಿಸಿಕೊಂಡಿಲ್ಲ ಎಂದು ಹೇಳಲೂ ಆಧಾರವಿರಲಿಲ್ಲ, ಮತ್ತು ಅದರಲ್ಲಿ ಕೆಲಸದವರ ಬ್ಯಾಂಕ್ ಖಾತೆಯ ಸಂಖ್ಯೆಗಳಿದ್ದವು. ಊರಿಗೆ ಹೋಗಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿ ಇದನ್ನು ತಿಳಿಸಬೇಕಾಗಿ ಬಂದದ್ದು ಆ ಮೂರು ದಿನಗಳ ಕೆಲಸಕ್ಕಿಂತ ಕಷ್ಟದ್ದಾಗಿತ್ತು.

ಡೇಟಾಬೇಸ್ ಕಂಟೇನರ್‌ಗೆ ಪೋರ್ಟ್‌ನ ಸಾಲನ್ನೇ ಬರೆಯಬೇಡಿ. ಸರ್ವರ್‌ನಿಂದ ನೇರವಾಗಿ ಅದನ್ನು ತಲುಪಲೇಬೇಕೆಂದಿದ್ದರೆ 127.0.0.1:27017:27017 ಎಂದು ಬರೆಯಿರಿ; 127.0.0.1 ಎಂದರೆ ಆ ಸರ್ವರ್ ತನಗೆ ತಾನೇ ಬಳಸುವ ವಿಳಾಸ. ಹೊರಗಿನ ಕೆಲವೇ ವಿಳಾಸಗಳಿಗೆ ಅವಕಾಶ ಕೊಡಬೇಕಾದಲ್ಲಿ, ನಮ್ಮ ನಿಯಮಗಳಿಗಾಗಿ ಡಾಕರ್ ಐಪಿಟೇಬಲ್ಸ್‌ನಲ್ಲಿ ಇಟ್ಟಿರುವ ಡಾಕರ್-ಯೂಸರ್ ಎಂಬ ಸರಪಳಿ ಇರುವುದೇ ಅದಕ್ಕಾಗಿ. ಡಾಕರ್ ಐಪಿಟೇಬಲ್ಸನ್ನು ಮುಟ್ಟದಂತೆ ಮಾಡಿಬಿಡಿ ಎಂಬ ಸಲಹೆಯೂ ನಿಮಗೆ ಸಿಗಬಹುದು. ಅದರಿಂದ ಕಂಟೇನರ್‌ಗಳ ಜಾಲಸಂಪರ್ಕವೇ ಕೆಡುವ ಸಂಭವವಿದೆ. ಸರ್ವರ್ ಕೊಡುವ ಕಂಪನಿಯ ಹೊರ ಫೈರ್‌ವಾಲ್ ಇದ್ದರೆ ಅದನ್ನೂ ಹಾಕಿಕೊಳ್ಳಿ.

ಪರೀಕ್ಷೆಯನ್ನು ಸರ್ವರ್‌ನ ಒಳಗಿನಿಂದ ಮಾಡಿ ತೃಪ್ತಿಪಡಬೇಡಿ. ಲ್ಯಾಪ್‌ಟಾಪನ್ನು ಮೊಬೈಲ್ ಡೇಟಾಕ್ಕೆ ಜೋಡಿಸಿ, ತೆರೆದ ಪೋರ್ಟ್‌ಗಳನ್ನು ಹುಡುಕುವ ಎನ್‌ಮ್ಯಾಪ್ ಎಂಬ ಸಾಧನದಿಂದ ನಿಮ್ಮ ಸರ್ವರ್‌ನ ಎಲ್ಲ ಪೋರ್ಟ್‌ಗಳನ್ನೂ ನೋಡಿ. ಈಗಾಗಲೇ ಡಾಕರ್ ನಡೆಸುತ್ತಿರುವವರು ಇವತ್ತೇ ಕಂಟೇನರ್‌ಗಳ ಪಟ್ಟಿ ತೆಗೆದು, ಡೇಟಾಬೇಸ್‌ನ ಪೋರ್ಟ್ ಎದುರಿಗೆ 0.0.0.0 (ಸರ್ವರ್‌ನ ಎಲ್ಲ ವಿಳಾಸಗಳಲ್ಲೂ ತೆರೆದಿದೆ ಎಂದರ್ಥ) ಎಂದಿದೆಯೇ ಎಂದು ನೋಡಿಕೊಳ್ಳಿ.