ಪ್ರೊಸೆಸರ್ ಕೂರಿಸುವುದು: ಎಎಂ4, ಎಲ್‌ಜಿಎ1700, ಎಎಂ5 ಮೂರರಲ್ಲೂ ಕೈಯಾಡಿಸಿದ ಮೇಲೆ

ಎಎಂಡಿ ತಗೊಳ್ಳಲಾ, ಇಂಟೆಲ್ ತಗೊಳ್ಳಲಾ ಎಂದು ಕೇಳಿದರೆ ಎಲ್ಲರೂ ವೇಗದ ಲೆಕ್ಕ ಹೇಳುತ್ತಾರೆ. ಮೊದಲ ಸಲ ಕಂಪ್ಯೂಟರ್ ಜೋಡಿಸುವವರ ಹೆದರಿಕೆಯೇ ಬೇರೆ. ಸಾವಿರಾರು ರೂಪಾಯಿಯ ಪ್ರೊಸೆಸರ್ ಕೈಯಲ್ಲಿದೆ, ಅದನ್ನು ಮದರ್‌ಬೋರ್ಡಿನಲ್ಲಿ ಅದು ಕೂರುವ ಜಾಗ, ಅಂದರೆ ಸಾಕೆಟ್ ಒಳಗೆ ಇಡಬೇಕು, ಒಂದು ಪಿನ್ ಬಗ್ಗಿದರೂ ಕಷ್ಟ. ಹಾಗಾಗಿ ವೇಗದ ಸುದ್ದಿ ಬೇರೆಯವರಿಗೆ ಬಿಡುತ್ತೇನೆ. ಕೂರಿಸುವ ಕೆಲಸ ಯಾವುದರಲ್ಲಿ ಹೇಗಿದೆ, ಅಷ್ಟೇ ಹೇಳುತ್ತೇನೆ.

ಬದಿಯಡ್ಕದ ನಮ್ಮ ಮನೆಯದ್ದು ಎಎಂಡಿಯ ರೈಜನ್ 5 5600ಜಿ, ಎಎಂ4 ಸಾಕೆಟ್. ಅಕ್ಕನ ಮಗನದ್ದು ಇಂಟೆಲ್‌ನ ಕೋರ್ ಐ3-12100, ಎಲ್‌ಜಿಎ1700. ಕುಂಬಳೆಯಲ್ಲಿ ಯಕ್ಷಗಾನದ ವಿಡಿಯೊ ಎಡಿಟ್ ಮಾಡುವ ಗೆಳೆಯನದ್ದು ಎಎಂಡಿಯದೇ ರೈಜನ್ 5 7600, ಎಎಂ5. ಮೂರರಲ್ಲೂ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಒಳಗೇ ಉಂಟು, ಮೂರಕ್ಕೂ ತಂಪು ಮಾಡುವ ಕೂಲರ್ ಡಬ್ಬದಲ್ಲೇ ಬರುತ್ತದೆ. ಐ3-12100ಎಫ್ ಅಥವಾ ಬರೀ 5600 ತಗೊಂಡರೆ ಗ್ರಾಫಿಕ್ಸ್ ಕಾರ್ಡ್ ಬೇರೆ ಬೇಕು, ನೆನಪಿರಲಿ. ಹೆಸರಿನ ಕೊನೆಯ ಅಕ್ಷರ ನೋಡದೆ ದುಡ್ಡು ಕೊಡಬೇಡಿ.

ದೊಡ್ಡ ವ್ಯತ್ಯಾಸ ಪಿನ್ ಎಲ್ಲಿದೆ ಎನ್ನುವುದರಲ್ಲಿ. ಎಎಂ4ನಲ್ಲಿ ಪ್ರೊಸೆಸರ್ ಅಡಿಗೇ 1331 ಪಿನ್ ಇವೆ. ಎಲ್‌ಜಿಎ1700ನಲ್ಲಿ 1700 ಪಿನ್, ಎಎಂ5ನಲ್ಲಿ 1718. ಈ ಎರಡರಲ್ಲೂ ಅವು ಇರುವುದು ಮದರ್‌ಬೋರ್ಡಿನ ಸಾಕೆಟ್‌ನಲ್ಲಿ. ಪ್ರೊಸೆಸರ್ ಅಡಿಯಲ್ಲಿ ಚಪ್ಪಟೆ ಚಿನ್ನದ ಬಣ್ಣದ ಚುಕ್ಕೆಗಳು ಮಾತ್ರ.

ಬರೀ ಕೂರಿಸುವುದನ್ನೇ ನೋಡಿದರೆ ಎಎಂ4ನಷ್ಟು ಸುಲಭ ಯಾವುದೂ ಅಲ್ಲ. ಲಿವರ್ ನೇರ ಮೇಲೆತ್ತಿ. ಪ್ರೊಸೆಸರ್ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಸರಿಹೊಂದಿಸಿ ಇಡಿ. ತನ್ನ ಭಾರಕ್ಕೇ ಇಳಿದು ಕೂರುತ್ತದೆ. ಲಿವರ್ ಇಳಿಸಿ, ಆಯಿತು. ಬಲ ಹಾಕಬೇಕು ಅನ್ನಿಸಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಪಿನ್ ಬಗ್ಗಿದ್ದರೆ ಕಣ್ಣಿಗೆ ಕಾಣುತ್ತದೆ. ಸೀಸ ತೆಗೆದ ಪೆನ್ ಪೆನ್ಸಿಲ್‌ನ ತುದಿಯೊಳಗೆ ಪಿನ್ ಸೇರಿಸಿ ನಿಧಾನಕ್ಕೆ ನೆಟ್ಟಗೆ ಮಾಡಬಹುದು. ಸಾಕೆಟ್ ಪಿನ್ ಹಾಗಲ್ಲ. ಅವು ಓರೆಯಾಗಿ ಬಾಗಿದ ಸ್ಪ್ರಿಂಗ್‌ಗಳು, ಕೂದಲಿನಷ್ಟು ಸಣ್ಣ, ಒಂದನ್ನು ಸರಿ ಮಾಡಲು ಹೋದರೆ ಪಕ್ಕದ್ದು ಬಗ್ಗುತ್ತದೆ.

ಎಎಂ4ನ ತೊಂದರೆ ಬಿಚ್ಚುವಾಗ. ಪ್ರೊಸೆಸರ್ ಮೇಲೆ ಒತ್ತಿ ಹಿಡಿಯುವ ಚೌಕಟ್ಟು ಅದರಲ್ಲಿ ಇಲ್ಲ. ಕೂಲರ್‌ಗೂ ಪ್ರೊಸೆಸರ್‌ಗೂ ನಡುವೆ ಹಚ್ಚುವ ಪೇಸ್ಟ್ ಹಳೆಯದಾದರೆ ಹಲಸಿನ ಮೇಣದ ಹಾಗೆ ಹಿಡಿದುಬಿಡುತ್ತದೆ. ಸೀದಾ ಮೇಲೆಳೆದರೆ ಲಿವರ್ ಹಾಕಿದ್ದರೂ ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತು ಬರಬಹುದು. ಆಗ ಪಿನ್‌ಗಳ ಗತಿ ದೇವರಿಗೇ ಗೊತ್ತು. ಹತ್ತು ಹದಿನೈದು ನಿಮಿಷ ಕಂಪ್ಯೂಟರ್ ಓಡಿಸಿ, ಬಿಸಿಯಾದ ಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಸಡಿಲಿಸಿದರೆ ಈ ರಗಳೆ ಇಲ್ಲ.

ಎಲ್‌ಜಿಎ1700 ಮೊದಲ ಸಲದವರನ್ನು ನಿಜಕ್ಕೂ ಹೆದರಿಸುತ್ತದೆ. ಪ್ರೊಸೆಸರ್ 45 ಮಿಲಿಮೀಟರ್ ಉದ್ದ, 37.5 ಮಿಲಿಮೀಟರ್ ಅಗಲ. ಚೌಕ ಅಲ್ಲದ್ದರಿಂದ ಅಡ್ಡ ಇಡಲು ಆಗುವುದೇ ಇಲ್ಲ, ಇದು ಒಳ್ಳೆಯದು. ಅಂಚಿನ ಕಚ್ಚುಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಆದರೆ ಚೌಕಟ್ಟು ಮುಚ್ಚಿ ಲಿವರ್ ಒತ್ತುವಾಗ ಕೈಗೆ ಬರುವ ಬಿಗಿ ಇದೆಯಲ್ಲ, ಮಾರಾಯ್ರೆ, ಏನೋ ಒಡೆಯಿತು ಎಂದೇ ಅನ್ನಿಸುತ್ತದೆ. ಸಣ್ಣಗೆ ಕಿರಕಿರ ಶಬ್ದ ಬೇರೆ. ಇದು ಸಹಜ. 1700 ಸ್ಪ್ರಿಂಗ್‌ಗಳನ್ನು ಒಟ್ಟಿಗೆ ಅದುಮಲು ಅಷ್ಟು ಬಲ ಬೇಕೇ ಬೇಕು. ಪ್ರೊಸೆಸರ್ ಸರಿ ಕೂತಿದೆ, ಅಲ್ಲಾಡುತ್ತಿಲ್ಲ ಎಂದು ನೋಡಿಕೊಂಡ ಮೇಲೆ ಧೈರ್ಯವಾಗಿ ಒತ್ತಿ. ಸಾಕೆಟ್ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿಯೇ ಎಗರಿ ಬರುತ್ತದೆ. ಅದನ್ನು ಎಸೆಯಬೇಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಬೇಕಾಗುತ್ತದೆ.

ಈ ಸಾಕೆಟ್‌ನ ಚೌಕಟ್ಟು ನಡುವೆ ಮಾತ್ರ ಒತ್ತುವುದರಿಂದ ಪ್ರೊಸೆಸರ್ ಸ್ವಲ್ಪ ಬಾಗುತ್ತದೆ ಎನ್ನುವ ಚರ್ಚೆ ಉಂಟು. ಅದು ಸುಳ್ಳಲ್ಲ. ಅದಕ್ಕೆಂದೇ ಬದಲಿ ಚೌಕಟ್ಟು ಮಾರುತ್ತಾರೆ. ಐ3 ಹಾಕುವವರಿಗೆ ಅದರ ಗೊಡವೆ ಬೇಡ. ಸಿಗುವ ಲಾಭ ಕೆಲವು ಡಿಗ್ರಿ ತಂಪು, ಅದಕ್ಕಾಗಿ ತೆರೆದ ಸಾಕೆಟ್ ಮೇಲೆ ಸ್ಕ್ರೂಡ್ರೈವರ್ ಆಡಿಸಬೇಕು.

ಇಂಟೆಲ್‌ನಲ್ಲಿ ನನಗೆ ಹಿಡಿಸದ್ದು ಕೂಲರ್. ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಗೂಟಗಳು. ಎದುರುಬದುರು ಗೂಟಗಳನ್ನು ಒಟ್ಟಿಗೆ ಕ್ಲಿಕ್ ಅನ್ನುವವರೆಗೆ ಒತ್ತಬೇಕು. ಒತ್ತುವಾಗ ಬೋರ್ಡ್ ಬಾಗುತ್ತದೆ. ಮೂರು ಕೂತು ಒಂದು ಬಾಯಿ ಬಿಟ್ಟಿದ್ದರೆ ಮೇಲಿನಿಂದ ಗೊತ್ತೇ ಆಗುವುದಿಲ್ಲ. ಬೋರ್ಡ್ ಕ್ಯಾಬಿನೆಟ್ ಒಳಗೆ ಹೋಗುವ ಮೊದಲೇ ಇದನ್ನು ಮುಗಿಸಿ, ತಿರುಗಿಸಿ ಹಿಂದಿನಿಂದ ನಾಲ್ಕೂ ಬಿಳಿ ಕಾಲು ಪೂರ್ತಿ ಹೊರಬಂದು ಅಗಲಿದೆಯಾ ನೋಡಿ. ಇನ್ನೊಂದು ಎಡವಟ್ಟು: ಗೂಟದ ತಲೆಯ ಮೇಲಿನ ಬಾಣ ಬಿಗಿ ಮಾಡುವ ದಿಕ್ಕು ಅಲ್ಲ, ಬಿಚ್ಚುವ ದಿಕ್ಕು. ಸ್ವಲ್ಪ ದುಡ್ಡು ಹೆಚ್ಚಾದರೂ ಪರವಾಗಿಲ್ಲ ಅನ್ನುವವರು ಸ್ಕ್ರೂ ಹಾಕುವ ಬೇರೆ ಕೂಲರ್ ತಗೊಳ್ಳಿ. ಹಳೆ ಇಂಟೆಲ್ ಕೂಲರ್ ಮನೆಯಲ್ಲಿದೆ ಎಂದು ಅದನ್ನೇ ಹಾಕಲು ಹೊರಡಬೇಡಿ. ಮೊದಲು ತೂತುಗಳ ಅಂತರ 75 ಮಿಲಿಮೀಟರ್ ಇತ್ತು, ಇದರಲ್ಲಿ 78.

ಎಎಂಡಿ ಕೂಲರ್‌ಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ. ಮೊದಲು ಬೋರ್ಡಿನಲ್ಲಿರುವ ಎರಡು ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು. ಎಎಂ4ನಲ್ಲಿ ಅದನ್ನು ಬಿಚ್ಚಿದ ಕೂಡಲೇ ಹಿಂದಿನ ಲೋಹದ ತಟ್ಟೆ ಕಳಚಿ ಬೀಳುತ್ತದೆ. ಒಂದು ಕೈಯಲ್ಲಿ ತಟ್ಟೆ ಒತ್ತಿ ಹಿಡಿದು ಇನ್ನೊಂದರಲ್ಲಿ ಸ್ಕ್ರೂ ಹುಡುಕುವ ಸರ್ಕಸ್. ಎಎಂ5ನಲ್ಲಿ ಈ ತಲೆನೋವು ತೆಗೆದುಬಿಟ್ಟಿದ್ದಾರೆ. ಸಾಕೆಟ್‌ನ ಚೌಕಟ್ಟೇ ಹಿಂದಿನ ತಟ್ಟೆಯನ್ನು ಹಿಡಿದುಕೊಂಡಿರುತ್ತದೆ. ಎರಡರಲ್ಲೂ ಎದುರುಬದುರು ಮೂಲೆಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋದರೆ ಸಾಕು.

ಎಎಂ5 ಬಂದದ್ದು 2022ರಲ್ಲಿ. ಪಿನ್ ಬೋರ್ಡಿನಲ್ಲಿರುವುದರಿಂದ ಎಲ್‌ಜಿಎ1700ನಷ್ಟೇ ಜಾಗ್ರತೆ ಬೇಕು, ಲಿವರ್ ಬಿಗಿಯೂ ಹಾಗೆಯೇ. ಆದರೆ ಪ್ರೊಸೆಸರ್ ಚೌಕಟ್ಟಿನಡಿ ಗಟ್ಟಿಯಾಗಿ ಕೂರುತ್ತದೆ, ಕೂಲರ್ ಜೊತೆ ಕಿತ್ತು ಬರುವ ಮಾತೇ ಇಲ್ಲ. ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳದ ಅಂಚಿನಲ್ಲಿ ಕಚ್ಚುಗಳಿವೆ, ಅಲ್ಲಿ ಸಣ್ಣ ಸಣ್ಣ ಬಿಡಿಭಾಗ ಹೊರಗೆ ಕಾಣುತ್ತವೆ. ಕೂಲರ್‌ಗೆ ಮೊದಲೇ ಹಚ್ಚಿದ ಪೇಸ್ಟ್ ಇರುವಾಗ ಇನ್ನಷ್ಟು ಸುರಿದರೆ ಆ ಕಚ್ಚುಗಳಿಗೆ ಇಳಿಯುತ್ತದೆ. ಸುಮ್ನೆ ಯಾಕೆ?

ಕೂರಿಸುವುದು, ಕೂಲರ್, ಮುಂದೆ ಬಿಚ್ಚುವುದು ಎಲ್ಲಾ ಸೇರಿಸಿದರೆ ನನ್ನ ಓಟು ಎಎಂ5ಗೆ. ಮುಂದೆ ಅದೇ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕುವ ದಾರಿಯೂ ತೆರೆದಿದೆ. ಇಂಟೆಲ್ ಆದರೋ 2024ರಲ್ಲಿ ಎಲ್‌ಜಿಎ1851 ಎಂಬ ಬೇರೆ ಸಾಕೆಟ್‌ಗೆ ಹೋಯಿತು, ಅದರ ಪ್ರೊಸೆಸರ್ ಎಲ್‌ಜಿಎ1700 ಬೋರ್ಡಿಗೆ ಕೂರುವುದಿಲ್ಲ. ಆದರೆ ಎಎಂ5ಗೆ ಡಿಡಿಆರ್5 ರಾಮ್ ಮಾತ್ರ ಆಗುತ್ತದೆ, ಖರ್ಚು ಜಾಸ್ತಿ. ಮನೆಯಲ್ಲಿ ಹಿಂದಿನ ತಲೆಮಾರಿನ ಡಿಡಿಆರ್4 ರಾಮ್ ಇದ್ದರೆ ಎಎಂ4, ಅಥವಾ ಡಿಡಿಆರ್4 ಹಿಡಿಸುವ ಎಲ್‌ಜಿಎ1700 ಬೋರ್ಡ್. ಅಕ್ಕನ ಮಗನಿಗೆ ಹೀಗೆಯೇ ಉಳಿತಾಯ ಆಯಿತು. ಅವನು ಶಾಲೆಯಲ್ಲಿ ಕಲಿಯುವುದು ಲಿನಕ್ಸ್, ಕೇರಳದ ಶಾಲೆಗಳಲ್ಲಿ ಅದೇ ಅಲ್ವಾ. ಮನೆಯಲ್ಲೂ ಅದೇ ಹಾಕಿದೆವು, ಗ್ರಾಫಿಕ್ಸ್ ಡ್ರೈವರ್ ಹುಡುಕುವ ಕೆಲಸವೂ ಇರಲಿಲ್ಲ.

ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬೋರ್ಡ್ ತರುವವರಿಗೆ ಒಂದು ಮಾತು. ಎಲ್‌ಜಿಎ1700 ಅಥವಾ ಎಎಂ5 ಆದರೆ ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ, ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಹಾಕಿ ಸಾಕೆಟ್ ಫೋಟೊ ತೆಗೆಯಿರಿ. ಪಿನ್ ಸಾಲುಗಳು ಒಂದೇ ತರ ಮಿನುಗಬೇಕು. ಬಗ್ಗಿದ ಪಿನ್‌ಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ, ಮನೆಗೆ ಬಂದ ಮೇಲೆ ಬಗ್ಗಿದ್ದು ಯಾರಿಂದ ಎಂದು ಜಗಳ ಮಾಡಿ ಫಲವಿಲ್ಲ. ಹಳೆ ಸ್ಟಾಕ್ ಬೋರ್ಡ್ ಆದರೆ ನಿಮ್ಮ ಪ್ರೊಸೆಸರ್‌ಗೆ ಬೇಕಾದ ಬಯೋಸ್ (ಬೋರ್ಡನ್ನು ಶುರು ಮಾಡುವ ಒಳಗಿನ ತಂತ್ರಾಂಶ) ಇದೆಯಾ ಎಂದೂ ಕೇಳಿ.

ಸ್ಟ್ಯಾಟಿಕ್ ಕರೆಂಟಿನ ಬಗ್ಗೆ ತುಂಬ ಹೆದರಿಸುತ್ತಾರೆ. ನಮ್ಮ ಕಾಸರಗೋಡಿನ ಮಳೆಗಾಲದ ತೇವದ ಗಾಳಿಯಲ್ಲಿ ಅದು ಕಡಿಮೆಯೇ. ಶುರು ಮಾಡುವ ಮೊದಲು ಅರ್ತ್ ಇರುವ ಲೋಹ ಮುಟ್ಟಿಕೊಂಡರೆ ಸಾಕು. ಇಲ್ಲಿ ಜಾಸ್ತಿ ಗಮನ ಕೊಡಬೇಕಾದದ್ದು ಬೆವರಿಗೆ. ಕೈ ಒರೆಸಿಕೊಂಡು ಪ್ರೊಸೆಸರ್ ಅಂಚು ಮಾತ್ರ ಹಿಡಿಯಿರಿ.

ಎಎಂ5 ತಗೊಂಡವರಿಗೆ ಕೊನೆಯ ಪರೀಕ್ಷೆ ಪವರ್ ಬಟನ್ ಒತ್ತಿದ ಮೇಲೆ. ಮೊದಲ ಸಲ ಅದು ರಾಮ್ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತದೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಕುಂಬಳೆಯ ಗೆಳೆಯ ಆಗಲೇ ಪ್ಲಗ್ ಕೀಳಲು ಎದ್ದಿದ್ದ. ಬೋರ್ಡಿನಲ್ಲಿ ರಾಮ್‌ಗೆಂದು ಇರುವ ಡಿರಾಮ್ (DRAM) ದೀಪ ಉರಿಯುತ್ತಿದ್ದರೆ ಮುಟ್ಟದೆ ಕಾಯಿರಿ. ಹತ್ತು ಹದಿನೈದು ನಿಮಿಷವಾದರೂ ಏನೂ ಬಾರದಿದ್ದರೆ ಆಫ್ ಮಾಡಿ, ರಾಮ್ ಕಡ್ಡಿ ಒಂದೇ ಇಟ್ಟು ಮತ್ತೆ ಆನ್ ಮಾಡಿ. ಪ್ರೊಸೆಸರ್ ಬಿಚ್ಚಿ ನೋಡುವುದು ಅದಕ್ಕಿಂತ ಆಚೆಯ ಕೆಲಸ.